ಅಣುಬಾಂಬಿಗೂ ಬಗ್ಗದ ವಿಮಾನ ಇಳಿಯುವಾಗ ಸೋತಿತು

2019ರ ಅಕ್ಟೋಬರ್ 2ರ ಬೆಳಿಗ್ಗೆ ಅಮೆರಿಕದ ಕನೆಕ್ಟಿಕಟ್‌ನ ಬ್ರಾಡ್ಲಿ ವಿಮಾನ ನಿಲ್ದಾಣದಿಂದ ಹಳೇ ಬಿ-17 ಬಾಂಬರ್ ಒಂದು ಮೇಲೇರಿತು. ಒಳಗೆ 13 ಜನ. ಅವರಲ್ಲಿ 10 ಮಂದಿ, ಎರಡನೇ ಮಹಾಯುದ್ಧದ ಕಾಲದ ವಿಮಾನದಲ್ಲಿ ಒಂದು ಸುತ್ತು ಹಾರೋಣ ಅಂತ ಬಂದವರು. ಸ್ವಲ್ಪ ಹೊತ್ತಿನಲ್ಲೇ ಬಲಗಡೆಯ ನಾಲ್ಕನೇ ಎಂಜಿನ್ ಕೈಕೊಟ್ಟಿತು. ತಿರುಗಿ ಬಂದ ವಿಮಾನ ರನ್‌ವೇ ಮುಟ್ಟುವ ಮೊದಲೇ ದೀಪದ ಕಂಬಗಳಿಗೆ ತಗಲಿತು. ನೆಲಕ್ಕೆ ಬಿದ್ದು, ಪಕ್ಕಕ್ಕೆ ಜಾರಿ, ದ್ರವ ತುಂಬಿಡುವ ಒಂದು ಟ್ಯಾಂಕಿಗೆ ಗುದ್ದಿ ಹೊತ್ತಿ ಉರಿಯಿತು. ಇಬ್ಬರು ಪೈಲಟ್‌ಗಳು, ಐವರು ಪ್ರಯಾಣಿಕರು ಸತ್ತರು.

ಅದರ ಮೂತಿಯ ಮೇಲಿದ್ದ ಹೆಸರು ‘ನೈನ್-ಓ-ನೈನ್’. ಆದರೆ ಆ ಹೆಸರು ಎರವಲು. ಅಸಲಿ ನೈನ್-ಓ-ನೈನ್ ಇಂಗ್ಲೆಂಡಿನ ಬ್ಯಾಸಿಂಗ್‌ಬರ್ನ್‌ನಲ್ಲಿದ್ದ ಅಮೆರಿಕದ ಬಾಂಬರ್ ಪಡೆ, 91ನೇ ಬಾಂಬ್ ಗ್ರೂಪಿನದು. ಅದರ ನಂಬರಿನ ಕೊನೆಯ ಮೂರು ಅಂಕಿ 909. 140 ದಾಳಿಗೆ ಹೋದರೂ ಒಬ್ಬ ಸಿಬ್ಬಂದಿಯನ್ನೂ ಕಳೆದುಕೊಳ್ಳಲಿಲ್ಲ. ಅಷ್ಟು ಮಾಡಿದ್ದಕ್ಕೆ ಸಿಕ್ಕಿದ್ದು ಏನು? ಯುದ್ಧ ಮುಗಿದ ಮೇಲೆ ಗುಜರಿ.

ಬ್ರಾಡ್ಲಿಯಲ್ಲಿ ಉರಿದದ್ದು ಯುದ್ಧವನ್ನೇ ನೋಡದ ವಿಮಾನ. 1945ರ ಏಪ್ರಿಲ್‌ನಲ್ಲಿ ಅದು ಸೇನೆಯ ಕೈಸೇರಿತು. ಮರುತಿಂಗಳೇ ಜರ್ಮನಿ ಶರಣಾಯಿತು. ಮುಂದೆ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ಕೆಲಸಕ್ಕೆ ಬಳಕೆಯಾಯಿತು. 1952ರಲ್ಲಿ ಮಾತ್ರ ವಿಚಿತ್ರ ಸೇವೆ: ಏನೇನು ಹಾನಿಯಾಗುತ್ತದೆ ನೋಡಲು ನೆವಾಡಾದಲ್ಲಿ ಮೂರು ಅಣುಸ್ಫೋಟಗಳಿಗೆ ಒಡ್ಡಿದರು. ವಿಕಿರಣ ಇಳಿಯಲಿ ಅಂತ 13 ವರ್ಷ ಹಾಗೇ ಬಿಟ್ಟು, ಆಮೇಲೆ ಗುಜರಿಗೆ ಮಾರಿದರು. ಕೊಂಡವರು ರಿಪೇರಿ ಮಾಡಿ, ಸುಮಾರು 20 ವರ್ಷ ಕಾಡ್ಗಿಚ್ಚು ಆರಿಸಲು ಹಾರಿಸಿದರು. ಗಟ್ಟಿಪಿಂಡ ಅಲ್ವಾ!

1986ರಲ್ಲಿ, ಹಳೇ ಯುದ್ಧವಿಮಾನಗಳನ್ನು ಹಾರಿಸುವ ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆ ಅದನ್ನು ಕೊಂಡು ಹೊಸ ಹೆಸರು ಬರೆಸಿತು. ಮರುವರ್ಷ ಪೆನ್ಸಿಲ್ವೇನಿಯಾದಲ್ಲಿ ಇಳಿಯುವಾಗ ಅಡ್ಡಗಾಳಿಗೆ ಸಿಕ್ಕಿ, ರನ್‌ವೇ ದಾಟಿ ಕಂದಕಕ್ಕೆ ನುಗ್ಗಿತು. ಯಾರೂ ಸಾಯಲಿಲ್ಲ. ಮತ್ತೆ ರಿಪೇರಿ, ಮತ್ತೆ ಊರೂರು ಸುತ್ತಾಟ. ಜೊತೆಗೆ ಹಾರುತ್ತಿದ್ದ ಅದೇ ಸಂಸ್ಥೆಯ ಲಿಬರೇಟರ್ ಬಾಂಬರ್ ನಮ್ಮ ವಾಯುಪಡೆಯಲ್ಲಿ 1968ರ ತನಕ ದುಡಿದದ್ದು. ಕಾನ್ಪುರದ ಗುಜರಿಯಿಂದ ಅಂಥ ವಿಮಾನಗಳನ್ನು ಎತ್ತಿ ತಂದು ಜೀವ ಕೊಟ್ಟದ್ದು ಬೆಂಗಳೂರಿನ ಎಚ್‌ಎಎಲ್.

ಇಷ್ಟೆಲ್ಲ ತಡೆದುಕೊಂಡ ವಿಮಾನವನ್ನು ಕೆಡವಿದ್ದು ಚಿಕ್ಕಚಿಕ್ಕ ವಿಷಯಗಳು. ಈ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್. ಕಿಡಿ ಕೊಡುವ ಮ್ಯಾಗ್ನೆಟೊಗಳೂ ಎರಡು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ನಾಲ್ಕನೇ ಎಂಜಿನ್‌ನಲ್ಲಿ ಒಂದು ಮ್ಯಾಗ್ನೆಟೊದ ವೈರ್ ಕಳಚಿತ್ತು, ಇನ್ನೊಂದರ ಕಿಡಿ ದುರ್ಬಲವಾಗಿತ್ತು. ಅದೇ ಬಲಗಡೆಯ ಮೂರನೇ ಎಂಜಿನ್‌ಗೂ ಒಳಗೆ ಹಾನಿಯಾಗಿತ್ತು. ಎರಡರಲ್ಲೂ ಪ್ಲಗ್‌ಗಳು ಸವೆದಿದ್ದವು.

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಮುಖ್ಯ ಕಾರಣವಾಗಿ ಹೇಳಿದ್ದು ಬೇರೆ: ನಾಲ್ಕನೇ ಎಂಜಿನ್ ನಿಲ್ಲಿಸಿದ ಮೇಲೆ ಪೈಲಟ್ ವೇಗವನ್ನು ಸರಿಯಾಗಿ ಕಾಯ್ದುಕೊಳ್ಳಲಿಲ್ಲ. ಚಕ್ರಗಳನ್ನೂ ಬೇಗ ಇಳಿಸಿದ್ದರು. ಚಕ್ರ ಇಳಿಸಿದರೆ ಗಾಳಿಯ ತಡೆ ಜಾಸ್ತಿ. ಶಕ್ತಿ ಕುಂದಿದ ವಿಮಾನಕ್ಕೆ ರನ್‌ವೇ ಎಟುಕಲಿಲ್ಲ. ಅವರು ಹೊಸಬರೇನಲ್ಲ. ಬಿ-17 ಒಂದರಲ್ಲೇ ಅವರದು 7,000 ಗಂಟೆ ದಾಟಿದ ಅನುಭವ. ನಿರ್ವಹಣೆ ಸಾಲದಾಗಿತ್ತು ಎಂದೂ ವರದಿ ಹೇಳಿತು. ಆ ವಿಭಾಗದ ಮುಖ್ಯಸ್ಥರೂ ಅದೇ ಪೈಲಟ್.