ಅಬು ಮೆನಾ: ಸುಟ್ಟ ಜೇಡಿ ಉಳಿಯಿತು, ಹಸಿ ಜೇಡಿ ಕುಸಿಯಿತು

ಮರುಭೂಮಿಯಲ್ಲಿ ಹೂತದ್ದು ಕೆಡುವುದಿಲ್ಲವೆಂದು ನಂಬಿದವರು ಅಬು ಮೆನಾವನ್ನು ನೋಡಬೇಕು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ನೈಋತ್ಯಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿರುವ ಈ ಯಾತ್ರಾಸ್ಥಳ ಬೆಳೆದದ್ದು ಕ್ರೈಸ್ತ ಸಂತ ಮೀನಾಸನ ಸಮಾಧಿಯ ಸುತ್ತ. ಶವ ಹೊತ್ತ ಒಂಟೆ ಮುಂದಕ್ಕೆ ಹೆಜ್ಜೆ ಇಡಲಿಲ್ಲವಂತೆ, ಅಲ್ಲೇ ಹೂಳಿದರಂತೆ. 5 ಮತ್ತು 6ನೇ ಶತಮಾನಗಳಲ್ಲಿ ಅಲ್ಲಿ ಬೆಸಿಲಿಕಾ ಎಂಬ ದೊಡ್ಡ ಚರ್ಚು, ದೀಕ್ಷಾಸ್ನಾನದ ಕಟ್ಟಡ, ಸ್ನಾನಗೃಹಗಳು, ಯಾತ್ರಿಕರ ತಂಗುಮನೆಗಳು ಎದ್ದವು. 1905ರಲ್ಲಿ ಜರ್ಮನಿಯ ಕಾರ್ಲ್ ಮರಿಯಾ ಕೌಫ್‌ಮನ್ ಇದನ್ನು ಗುರುತಿಸಿ ಅಗೆತ ಆರಂಭಿಸಿದರು.

ಯಾತ್ರಿಕರು ಒಯ್ಯುತ್ತಿದ್ದ ಪುಟ್ಟ ಮಣ್ಣಿನ ಕುಪ್ಪಿಗಳು ದೂರದ ಇಂಗ್ಲೆಂಡಿನವರೆಗೂ ಸಿಕ್ಕಿವೆ. ಎರಡು ಅಚ್ಚುಗಳಿಗೆ ಜೇಡಿ ಒತ್ತಿ, ಎರಡು ಹೋಳುಗಳನ್ನು ಅಂಚಿನಲ್ಲಿ ಬೆಸೆದು, ಕುತ್ತಿಗೆಯನ್ನೂ ಎರಡು ಹಿಡಿಗಳನ್ನೂ ಕೈಯಿಂದ ಅಂಟಿಸುತ್ತಿದ್ದರು. ನಡುವೆ ಕೈಚಾಚಿದ ಸಂತ, ಅವನ ಎರಡೂ ಬದಿ ಮಂಡಿಯೂರಿದ ಒಂಟೆ. ನೆರಳಿನಲ್ಲಿ ಪೂರ್ತಿ ಒಣಗಿಸದೆ ಸುಟ್ಟರೆ ಒಳಗಿನ ತೇವ ಆವಿಯಾಗಿ ಕುಪ್ಪಿ ಒಡೆಯುತ್ತದೆ. ಸರಿಯಾಗಿ ಸುಟ್ಟ ಜೇಡಿಯಾದರೋ ಮತ್ತೆ ಕೆಸರಾಗದು: ಹರಳಿನೊಳಗೆ ಸೇರಿಕೊಂಡ ನೀರೂ ಬೆಂಕಿಯಲ್ಲಿ ಹೊರಟುಹೋಗಿರುತ್ತದೆ.

ಕಟ್ಟಡಗಳ ಅಡಿಯ ಜೇಡಿಗೆ ಬೆಂಕಿ ತಾಗಿರಲಿಲ್ಲ. ಜೇಡಿಯ ಕಣಗಳು ಅತಿ ತೆಳುವಾದ ಬಿಲ್ಲೆಗಳು, ಅಗಲ ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತ ಕಡಿಮೆ. ಸ್ವಲ್ಪವೇ ತೇವವಿದ್ದಾಗ ಬಿಲ್ಲೆಗಳ ನಡುವಿನ ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಒದ್ದೆ ಗಾಜಿನ ಹಲಗೆಗಳೆರಡು ಅಂಟಿಕೊಂಡಂತೆ. ಸಂದುಗಳೆಲ್ಲ ನೀರು ತುಂಬಿದರೆ ಆ ಎಳೆತ ಮಾಯ. ಭಾರ ಹೊತ್ತದ್ದು ಈಗ ಕಣಗಳಲ್ಲ, ಜಾರುವ ನೀರು. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದ ನಮ್ಮ ಎರೆಮಣ್ಣು ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುವುದೂ ಇದೇ ಗುಣದಿಂದ. ರಾಗಿಹಿಟ್ಟಿಗೆ ಒಂದು ಲೋಟ ನೀರು ಹೆಚ್ಚಾದರೆ ಮುದ್ದೆ ಅಂಬಲಿಯಾದಂತೆ.

ಇಲ್ಲಿ ನೀರು ಬಂದದ್ದು ಮೋಡದಿಂದಲ್ಲ, ಸುತ್ತಲ ಹೊಲಗಳ ನೀರಾವರಿಯಿಂದ. ಅಂತರ್ಜಲ ಮೇಲೇರಿತು. ಊರಿನ ತುಂಬ ಇದ್ದ ಹಳೆಯ ನೆಲದಡಿ ತೊಟ್ಟಿಗಳು ಕುಸಿದು, ಅವುಗಳ ಮೇಲಿನ ಕಟ್ಟಡಗಳೂ ಬಿದ್ದವು; ವಾಯವ್ಯದಲ್ಲಿ ದೊಡ್ಡ ಪೊಳ್ಳುಗಳು ಬಾಯ್ತೆರೆದವು. ಕೊನೆಗೆ ಸಂತನ ಸಮಾಧಿಯಿರುವ ನೆಲಮಾಳಿಗೆಗೇ ಮರಳು ತುಂಬಿ ಜನರ ಪ್ರವೇಶ ನಿಲ್ಲಿಸಬೇಕಾಯಿತು. ಮರಳೇ ಯಾಕೆ? ಅದರ ಕಣ ದಪ್ಪ, ನೀರು ಬಸಿದುಹೋಗುತ್ತದೆ, ತೊಯ್ದರೂ ಜೇಡಿಯಂತೆ ಮೆತ್ತಗಾಗದು. ಆದರೂ ಅದು ಗೋಡೆಗೆ ಕೊಟ್ಟ ಆಸರೆ ಮಾತ್ರ, ನೀರನ್ನು ತಡೆಯುವುದಿಲ್ಲ.

1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ತಾಣವನ್ನು ಯುನೆಸ್ಕೋ 2001ರಲ್ಲಿ ಅಪಾಯದ ಪಟ್ಟಿಗೂ ಹಾಕಿತು. 2021ರಿಂದ ಸೌರಶಕ್ತಿಯ ಪಂಪುಗಳು ನೀರೆತ್ತಲು ತೊಡಗಿದ ಮೇಲೆ ಮಟ್ಟ ಇಳಿಯಿತು. 2025ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. ಪಂಪು ನಿಂತು ಹೊಲಗಳಿಗೆ ನೀರು ಹರಿಯುತ್ತಲೇ ಇದ್ದರೆ ಅಂತರ್ಜಲ ಮತ್ತೆ ಏರುತ್ತದೆ.