ಮೆಣಸಿನ ತಳಿ ಆರಿಸುವ ಮುನ್ನ ರಾತ್ರಿಯ ತಾಪಮಾನ ಬರೆದಿಟ್ಟುಕೊಳ್ಳಿ

ಮೊದಲ ಸಲ ನಾನು ಮೆಣಸಿನಕಾಯಿಯ ಬೀಜ ಆರಿಸಿದ್ದು ಪೊಟ್ಟಣದ ಮೇಲಿನ ಚಿತ್ರ ನೋಡಿ. ಗಿಡ ಸೊಂಟದೆತ್ತರ ಬಂತು, ಮೈತುಂಬ ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ಹೂವಿನ ತೊಟ್ಟು ಹಳದಿಯಾಗುತ್ತಿತ್ತು, ಬೆರಳು ತಾಗಿದರೆ ಉದುರುತ್ತಿತ್ತು. ಗೊಬ್ಬರ ಸಾಲದೆಂದು ಇನ್ನಷ್ಟು ಕೊಟ್ಟೆ. ಸಾರಜನಕ ಹೆಚ್ಚಾಗಿ ಎಲೆ ಇನ್ನೂ ದಟ್ಟವಾಯಿತು, ಹೂ ಉದುರುವುದು ನಿಲ್ಲಲಿಲ್ಲ. ಆ ಗಿಡಕ್ಕೆ ಬೇಕಿದ್ದ ರಾತ್ರಿ ನನ್ನ ಹಿತ್ತಲಲ್ಲಿ ಇರಲಿಲ್ಲ ಎಂಬುದು ತಿಳಿದದ್ದು ಆಮೇಲೆ. ಈ ಟಿಪ್ಪಣಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೆಣಸು ಬಿಸಿಲಿನ ಬೆಳೆ ಎಂದು ನಾವೆಲ್ಲ ಕಲಿತಿದ್ದೇವೆ. ಅದು ಅರ್ಧ ಸತ್ಯ. ಗಿಡ ಬೆಳೆಯಲು ಹಗಲು 20ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ಕಾಯಿ ಕಚ್ಚಬೇಕಾದರೆ ಅದರ ಬೇಡಿಕೆ ಇನ್ನೂ ಬಿಗಿ. ಹಗಲು 32–35 ಡಿಗ್ರಿ ದಾಟಿ ದಿನಗಟ್ಟಲೆ ಹಾಗೇ ನಿಂತರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ರಾತ್ರಿ 12–13 ಡಿಗ್ರಿಗಿಂತ ಕೆಳಗಿಳಿದರೂ ತೊಂದರೆ, 24ಕ್ಕಿಂತ ಮೇಲೆಯೇ ಉಳಿದರೂ ತೊಂದರೆ. ಎರಡೂ ಕಡೆ ಫಲ ಒಂದೇ: ಹೂ ಉದುರುತ್ತದೆ. ದಪ್ಪ ಕಾಯಿಯ ದೊಣ್ಣೆ ಮೆಣಸು ಇದಕ್ಕೆ ಎಲ್ಲರಿಗಿಂತ ಮೊದಲು ಸೋಲುತ್ತದೆ. ಸಣ್ಣ ಕಾಯಿಯ ಖಾರದ ತಳಿಗಳು ಸಾಮಾನ್ಯವಾಗಿ ಹೆಚ್ಚು ತಾಳುತ್ತವೆ. ಸೆಕೆ ಇಳಿದೊಡನೆ ಅದೇ ಗಿಡ ಮತ್ತೆ ಕಾಯಿ ಹಿಡಿಯುತ್ತದೆ, ಹಾಗಾಗಿ ಹೂ ಉದುರಿತೆಂದು ಗಿಡ ಕೀಳಬೇಡಿ.

ಆದ್ದರಿಂದ ಮೊದಲ ಮನೆಪಾಠ ಇಷ್ಟೇ: ಗಿಡ ಹೂಬಿಡುವ ತಿಂಗಳುಗಳಲ್ಲಿ ನಿಮ್ಮಲ್ಲಿ ರಾತ್ರಿ ಎಷ್ಟು ಡಿಗ್ರಿ ಇರುತ್ತದೆ ಎಂದು ಬರೆದಿಡುವುದು. ಹವಾಮಾನ ವರದಿಯ ಸರಾಸರಿ ಸಾಲದು. ಒಂದು ಕನಿಷ್ಠ–ಗರಿಷ್ಠ ಥರ್ಮಾಮೀಟರನ್ನು ನೆರಳಿನಲ್ಲಿ, ಗಿಡ ನಿಲ್ಲುವ ಎತ್ತರದಲ್ಲೇ ತೂಗುಹಾಕಿ. ತಗ್ಗಿನಲ್ಲಿ ತಂಪು ಗಾಳಿ ಇಳಿದು ನಿಲ್ಲುತ್ತದೆ, ಗೋಡೆಯ ಮಗ್ಗುಲಲ್ಲಿ ಹಗಲಿನ ಕಾವು ರಾತ್ರಿಯವರೆಗೂ ಉಳಿಯುತ್ತದೆ. ಒಂದೇ ಅಂಗಳದ ಎರಡು ಮೂಲೆಗೆ ಎರಡು ತಳಿ ಬೇಕಾಗಬಹುದು. ಎತ್ತರದ ಲೆಕ್ಕವೂ ನೆನಪಿರಲಿ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ.

ಐದು ಪ್ರಭೇದದ ಐದು ಸ್ವಭಾವ

ಮನುಷ್ಯ ಪಳಗಿಸಿದ ಮೆಣಸಿನ ಪ್ರಭೇದಗಳು ಐದು. ಎಲ್ಲದರ ಶಾಸ್ತ್ರೀಯ ಹೆಸರೂ ‘ಕ್ಯಾಪ್ಸಿಕಂ’ ಎಂದೇ ಶುರು, ಅದು ದೊಣ್ಣೆ ಮೆಣಸಿನ ಹೆಸರು ಮಾತ್ರವಲ್ಲ. ತಳಿಯ ಹೆಸರಿಗಿಂತ ಮೊದಲು ಅದು ಯಾವ ಪ್ರಭೇದ ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಹುಟ್ಟಿದ ನೆಲದ ಹವೆಯನ್ನು ಗಿಡ ಇನ್ನೂ ಮರೆತಿಲ್ಲ.

ಕ್ಯಾಪ್ಸಿಕಂ ಆನ್ಯುಮ್ ಮೆಕ್ಸಿಕೋ ಕಡೆ ಪಳಗಿದ್ದು. ಜಲಪೆನೋ, ಕೆಯೆನ್, ದೊಣ್ಣೆ ಮೆಣಸು ಎಲ್ಲವೂ ಇದರ ಮಕ್ಕಳು. ಬಹುಬೇಗ ಫಲ ಕೊಡುವ ತಳಿಗಳು ಇದರಲ್ಲೇ ಹೆಚ್ಚು. ನಿಮ್ಮ ಹವೆಯ ಬಗ್ಗೆ ಅನುಮಾನವಿದ್ದರೆ ಇಲ್ಲಿಂದಲೇ ಶುರುಮಾಡಿ.

ಕ್ಯಾಪ್ಸಿಕಂ ಚೈನೆನ್ಸ್ ಅಮೆಜಾನ್ ಜಲಾನಯನದ ತಗ್ಗುನಾಡಿನದು. 1776ರಲ್ಲಿ ಸಸ್ಯಶಾಸ್ತ್ರಜ್ಞ ಜಾಕ್ವಿನ್ ಅದು ಚೀನಾದಿಂದ ಬಂದದ್ದೆಂದು ತಪ್ಪಾಗಿ ತಿಳಿದು ಇಟ್ಟ ಹೆಸರು ಹಾಗೇ ಉಳಿಯಿತು. ಹಬನೇರೊ ಈ ಪ್ರಭೇದದ್ದು, ಭೂತ್ ಜೊಲೋಕಿಯಾ ಬಹುಪಾಲು ಇದರದೇ ರಕ್ತ. ಬಿಸಿ, ತೇವ, ದೀರ್ಘ ಹಂಗಾಮು ಮೂರೂ ಬೇಕು. ಬೀಜ ಮೊಳೆಯಲೇ ಎರಡರಿಂದ ನಾಲ್ಕು ವಾರ ಹಿಡಿಯಬಹುದು. ತಂಪು ರಾತ್ರಿಯಲ್ಲಿ ಗಿಡ ಸಾಯದಿದ್ದರೂ ಬೆಳೆಯದೆ ಕೂತುಬಿಡುತ್ತದೆ. ಕ್ಯಾಪ್ಸಿಕಂ ಫ್ರೂಟೆಸೆನ್ಸ್ ಸಹ ಸೆಕೆಯ ನಾಡಿನ ಗಿಡ. ಟಬಾಸ್ಕೊ ಇದರ ಪರಿಚಿತ ತಳಿ.

ಕ್ಯಾಪ್ಸಿಕಂ ಬಕ್ಕಾಟಮ್ ದಕ್ಷಿಣ ಅಮೆರಿಕದ್ದು. ಎಸಳಿನ ಬುಡದಲ್ಲಿ ಹಳದಿ–ಹಸಿರು ಚುಕ್ಕೆ ಕಂಡರೆ ಇದೇ ಎಂದು ಗುರುತು. ಗಿಡ ಎತ್ತರ ಹೋಗುತ್ತದೆ, ಕಾಯಿ ತಡವಾಗಿ ಬರುತ್ತದೆ. ಬಂದರೆ ಹೇರಳ.

ಐದನೆಯದು ನನಗೆ ಅಚ್ಚುಮೆಚ್ಚು: ಕ್ಯಾಪ್ಸಿಕಂ ಪ್ಯುಬೆಸೆನ್ಸ್, ಅಂದರೆ ರೊಕೊಟೊ. ಆಂಡಿಸ್ ಪರ್ವತದ ಎತ್ತರದಲ್ಲಿ ಪಳಗಿದ ಗಿಡ. ಎಲೆಗೆ ರೋಮ, ಹೂ ನೇರಳೆ, ಬೀಜ ಕಪ್ಪು. ಬೇರೆ ಮೆಣಸು ಮುದುಡುವ ತಂಪಿನಲ್ಲಿ ಇದು ಕಾಯಿ ಹಿಡಿಯುತ್ತದೆ. ಸೆಕೆಗೆ ಮಾತ್ರ ಬಾಡಿ ಹೂ ಉದುರಿಸುತ್ತದೆ. ತಂಪು ತಾಳುತ್ತದೆ ಎಂದ ಮಾತ್ರಕ್ಕೆ ಹೆಪ್ಪುಗಟ್ಟುವ ಹಿಮವನ್ನು ತಾಳುವುದಿಲ್ಲ, ಇದನ್ನು ಹಲವರು ಬೆರೆಸಿಕೊಳ್ಳುತ್ತಾರೆ. ಐದರಲ್ಲಿ ಯಾವುದೂ ಹಿಮ ತಾಳದು.

ದಿನಗಳ ಲೆಕ್ಕ

ಪೊಟ್ಟಣದ ಮೇಲೆ ‘75 ದಿನ’ ಎಂದಿದ್ದರೆ ಅದು ಸಾಮಾನ್ಯವಾಗಿ ಸಸಿ ನಾಟಿ ಮಾಡಿದ ದಿನದಿಂದ, ಬಿತ್ತಿದ ದಿನದಿಂದಲ್ಲ. ಹಲವು ಸಲ ಅದು ಹಸಿರು ಕಾಯಿಯ ಲೆಕ್ಕ. ಹಣ್ಣಾಗಲು ಇನ್ನೂ ಎರಡು ಮೂರು ವಾರ ಸೇರಿಸಿ. ಬೇಗ ಬರುವ ಆನ್ಯುಮ್ ತಳಿಗೆ ನಾಟಿಯಿಂದ 60–80 ದಿನ ಸಾಕು. ಹಬನೇರೊಗೆ 90–120 ದಿನ ಬೇಕು. ಸಸಿಮಡಿಯಲ್ಲಿ ಕಳೆಯುವ 8–10 ವಾರ ಇದಕ್ಕೆ ಮುಂಚಿನದು.

ಈಗ ಕಳೆಯುವ ಲೆಕ್ಕ ಮಾಡೋಣ. ಹಿಮ ಬೀಳುವ ಕಡೆಯಾದರೆ ಕೊನೆಯ ಹಿಮದಿಂದ ಮುಂದಿನ ಮೊದಲ ಹಿಮದವರೆಗಿನ ದಿನಗಳನ್ನು ಎಣಿಸಿ. 110 ದಿನ ಸಿಕ್ಕಿತು ಎಂದಿಟ್ಟುಕೊಳ್ಳಿ. ನಾಟಿ ಮಾಡಲು ಮಣ್ಣು ಬೆಚ್ಚಗಾಗಲಿ ಎಂದು ಎರಡು ವಾರ ಕಾಯುತ್ತೀರಿ. ಉಳಿದ 96ರಲ್ಲಿ ಹಬನೇರೊ ನೆಟ್ಟರೆ ಮೊದಲ ಕಾಯಿ ಕೆಂಪಾಗುವಾಗ ಹಂಗಾಮೇ ಮುಗಿದಿರುತ್ತದೆ. ಅದನ್ನು ಬೆಳೆಯಲೇಬೇಕೆಂಬ ಆಸೆಯಿದ್ದರೆ ಕುಂಡದಲ್ಲಿ ನೆಡಿ. ಮೆಣಸು ಮೂಲದಲ್ಲಿ ಬಹುವಾರ್ಷಿಕ. ಚಳಿ ಬಂದಾಗ ಸವರಿ ಒಳಗಿಟ್ಟರೆ ಮರುವರ್ಷ ಬೇರು ಸಿದ್ಧವಿರುತ್ತದೆ, ಫಲ ಬೇಗ ಬರುತ್ತದೆ. ಹಿಮವಿಲ್ಲದ ಕಡೆ ಲೆಕ್ಕ ತಿರುಗಿಸಿ: ಕಡು ಬೇಸಿಗೆಗೂ ಜಡಿಮಳೆಗೂ ಹೂ ಸಿಗದಂತೆ ಬಿತ್ತನೆಯ ದಿನ ಹುಡುಕಬೇಕು.

ಮಳೆ ಮತ್ತು ಕಾಯಿಯ ಸಿಪ್ಪೆ

ಬಹಳ ಮಂದಿ ಕಾಯಿಯ ಗೋಡೆ ಎಷ್ಟು ದಪ್ಪ ಎಂದು ನೋಡುವುದೇ ಇಲ್ಲ. ಒಣಮೆಣಸು ಬೇಕಿದ್ದು ಹಣ್ಣಾಗುವ ಕಾಲಕ್ಕೆ ಗಾಳಿಯಲ್ಲಿ ತೇವವಿದ್ದರೆ ಕೆಯೆನ್‌ನಂಥ ತೆಳು ಗೋಡೆಯ ತಳಿಯೇ ಗತಿ. ಜಲಪೆನೋ ಒಣಗುವ ಮುಂಚೆ ಒಳಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಒಣಗಿಸಲು ಹೊಗೆ ಅಥವಾ ಯಂತ್ರದ ಕಾವು ಬೇಕು.

ತೇವ ಹೆಚ್ಚಿರುವಲ್ಲಿ ಹಣ್ಣಿನ ಮೇಲೆ ಗುಂಡಗೆ ಕುಸಿದ ಮಚ್ಚೆ ಮೂಡಿಸುವ ಹಣ್ಣುಕೊಳೆ ರೋಗ, ದುಂಡಾಣು ಎಲೆಚುಕ್ಕೆ, ನೀರು ನಿಂತ ನೆಲದಲ್ಲಿ ಬುಡಕೊಳೆ ಬರುತ್ತವೆ. ಅಲ್ಲಿ ಗಾಳಿಯಾಡುವ ತೆರೆದ ಮೈಕಟ್ಟಿನ ಗಿಡ ಆರಿಸಿ. ಒಣ ಬಿಸಿಲ ನಾಡಿನಲ್ಲಿ ಇದೇ ಸಲಹೆ ತಲೆಕೆಳಗು. ಅಲ್ಲಿ ದಟ್ಟ ಎಲೆ ಬೇಕು, ಇಲ್ಲದಿದ್ದರೆ ಬಿಸಿಲಿಗೆ ಕಾಯಿಯ ಒಂದು ಮಗ್ಗುಲು ಸುಟ್ಟು ಬಿಳಿಚಿ ಕಾಗದದಂತಾಗುತ್ತದೆ. ಒಣ ಹವೆಯಲ್ಲಿ ರಸ ಹೀರುವ ಥ್ರಿಪ್ಸ್ ಕೀಟ ಮತ್ತು ಮೈಟ್ ನುಸಿ ಜೋರು. ಎಲೆ ಮುದುಡುವ ವೈರಸ್ ಕಂಡಿರುವ ಜಾಗದಲ್ಲಿ ಅದಕ್ಕೆ ನಿರೋಧವಿರುವ ತಳಿ ಸಿಗುತ್ತದೆಯೇ ಎಂದು ವಿಚಾರಿಸದೆ ಬೀಜ ಕೊಳ್ಳಬಾರದು.

ನಿರೋಧ ಎಂಬ ಪದವನ್ನು ಜಾಗ್ರತೆಯಿಂದ ಓದಿ. ಒಂದು ತಳಿ ಎಲ್ಲಕ್ಕೂ ನಿರೋಧ ಹೊಂದಿರುವುದಿಲ್ಲ. ಬೇರುಗಂಟು ಜಂತುಹುಳುವಿಗೆಂದು 1997ರಲ್ಲಿ ಅಮೆರಿಕದ ಕೃಷಿ ಇಲಾಖೆ ಹೊರತಂದ ಚಾರ್ಲ್‌ಸ್ಟನ್ ಬೆಲ್ ಮತ್ತು ಕೆರೊಲೈನಾ ವಂಡರ್ ದೊಣ್ಣೆ ಮೆಣಸುಗಳನ್ನು ನೋಡಿ. ಅವು ಆ ಒಂದು ಶತ್ರುವಿಗೆ ಮಾಡಿದ ಉತ್ತರ. ನಿಮ್ಮ ಮಣ್ಣಿನಲ್ಲಿ ಜಂತುಹುಳುವೇ ಇಲ್ಲದಿದ್ದರೆ ಆ ಗುಣದಿಂದ ನಿಮಗೆ ಲಾಭವಿಲ್ಲ.

ಮಣ್ಣಿನ ವಿಷಯ ಚಿಕ್ಕದು. ರಸಸಾರ (pH) 6ರಿಂದ 6.8, ನೀರು ಬಸಿಯಬೇಕು, ಉಪ್ಪು ಕಡಿಮೆ ಇರಬೇಕು. ಇದು ಬಹುಪಾಲು ತಳಿಗಳಿಗೂ ಒಂದೇ. ಜಿಗುಟು ಮಣ್ಣಾದರೆ ತಳಿ ಹುಡುಕುತ್ತ ಕೂರದೆ ಏರುಮಡಿ ಮಾಡಿ.

ಪರೀಕ್ಷೆ

ಓದಿ ಆರಿಸಿದ್ದು ಊಹೆ ಮಾತ್ರ. ಮೂರು ತಳಿ ಆರಿಸಿ, ತಲಾ ಆರು ಗಿಡ ನೆಡಿ. ಒಂದು ಖಚಿತವಾಗಿ ಬರುವಂಥದ್ದು, ಒಂದು ಬಹುಶಃ ಬರುವಂಥದ್ದು, ಮೂರನೆಯದು ಆಸೆಗೆ. ಒಂದೆರಡೇ ಗಿಡ ನೆಟ್ಟು ತಳಿಯ ಬಗ್ಗೆ ತೀರ್ಪು ಕೊಡಬೇಡಿ, ಒಂದು ಗಿಡಕ್ಕೆ ಹುಳ ಬಿದ್ದರೂ ಲೆಕ್ಕ ತಪ್ಪುತ್ತದೆ. ಮೊದಲ ಹೂ, ಮೊದಲ ಹೀಚು, ಮೊದಲ ಕೆಂಪು ಹಣ್ಣು, ಈ ಮೂರು ದಿನಾಂಕವನ್ನು ರಾತ್ರಿಯ ತಾಪಮಾನದ ಪಕ್ಕದಲ್ಲೇ ಬರೆಯಿರಿ. ಹೂವಿಗೂ ಹೀಚಿಗೂ ನಡುವೆ ದೊಡ್ಡ ಅಂತರ ಕಂಡರೆ ಆ ವಾರಗಳ ರಾತ್ರಿಯನ್ನು ಮೊದಲು ನೋಡಿ.

ಹೈಬ್ರಿಡ್ ಅಲ್ಲದ ತಳಿಯಾದರೆ ನಿಮ್ಮಲ್ಲಿ ಚೆನ್ನಾಗಿ ಬಂದ ಗಿಡದಿಂದಲೇ ಬೀಜ ಇಟ್ಟುಕೊಳ್ಳಬಹುದು. ಹೈಬ್ರಿಡ್‌ನ ಬೀಜ ಮುಂದಿನ ಪೀಳಿಗೆಯಲ್ಲಿ ಬೇರೆ ಬೇರೆ ಗುಣ ತೋರುತ್ತದೆ. ಮೆಣಸು ಸ್ವಪರಾಗಿಯಾದರೂ ಜೇನ್ನೊಣ ಪಕ್ಕದ ತಳಿಯ ಪರಾಗ ತರುತ್ತದೆ. ಆ ವರ್ಷದ ಕಾಯಿಯ ರೂಪ ಬದಲಾಗದು, ಅದರೊಳಗಿನ ಬೀಜ ಬದಲಾಗಿರುತ್ತದೆ. ಬೀಜಕ್ಕೆಂದು ಇಟ್ಟ ಕೊಂಬೆಗೆ ಮೊಗ್ಗಿನಲ್ಲೇ ತೆಳು ಬಟ್ಟೆಯ ಚೀಲ ಕಟ್ಟಿ. ಹೀಚು ಕಂಡ ಮೇಲೆ ಚೀಲ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ದಾರ ಕಟ್ಟಿ ಗುರುತಿಡಿ. ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾದ ಮೇಲೆ ಬಿಡಿಸಿ.