ಹೊಂಬುಜದ ಪುಸ್ತಕದೊಳಗಿನ ಹಾರ: 12345654321

ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಹೋದವರು ಪದ್ಮಾವತಿ ಅಮ್ಮನವರ ದರ್ಶನ ಮುಗಿಸಿ, ಸಾಂತರ ಅರಸರ ಕಾಲದ ಬಸದಿಗಳನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಲೆಕ್ಕದ ಗೀಳು ಹತ್ತಿಸಿಕೊಂಡಿರುವ ನನಗೆ ಆ ಊರು ಇನ್ನೊಂದು ಕಾರಣಕ್ಕೂ ಹತ್ತಿರ. ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ 2000ದಲ್ಲಿ ಪ್ರಕಟವಾದದ್ದು ಅಲ್ಲಿಂದಲೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದಲ್ಲಿ ರಚನೆಯಾದ ಕೃತಿ ಇದು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದ್ದರು.

ಗುಣಾಕಾರದ ಭಾಗದಲ್ಲಿ ಮಹಾವೀರ ಕೊರಳ ಹಾರದಂತಹ ಉತ್ತರಗಳು ಬರುವ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಒಂದರಿಂದ ಆರರವರೆಗೆ ಏರಿ, ಹಾಗೆಯೇ ಇಳಿಯುವ 12345654321. ಓದಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ‘ವಿಕಟಕವಿ’ಯ ಹಾಗೆ ಎತ್ತ ಕಡೆಯಿಂದ ಓದಿದರೂ ಅದೇ.

ಮಳೆಗೆ ಕರೆಂಟ್ ಹೋದ ಒಂದು ಸಂಜೆ, ಅಡಿಕೆ ಮಂಡಿಯ ಚೀಟಿಯೊಂದರ ಹಿಂಬದಿಯಲ್ಲಿ 111111ನ್ನು ಅದರಿಂದಲೇ ಗುಣಿಸಿದೆ. ಆರು ಸಾಲು ಒಂದುಗಳು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ. ಬಲತುದಿಯ ಮನೆಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುಮನೆಯಲ್ಲಿ ಆರು, ಮತ್ತೆ ಇಳಿಕೆ. ಯಾವ ಮನೆಯ ಮೊತ್ತವೂ ಹತ್ತನ್ನು ಮುಟ್ಟದ್ದರಿಂದ ದಶಕ ಒಯ್ಯುವ ಕೆಲಸವೇ ಇಲ್ಲ. ಹಾರ ತಾನಾಗಿ ಮೂಡುತ್ತದೆ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳಾದರೆ 1234567900987654321 ಬಂದು ನಡುವೆ ಎಳೆ ಕಡಿಯುತ್ತದೆ.

ಮಹಾವೀರ ಈ ಸುಲಭದ ದಾರಿ ಹಿಡಿಯಲಿಲ್ಲ. ಅವನು ಕೊಟ್ಟ ಲೆಕ್ಕ 27994681 × 441. ಮೊದಲ ಸಂಖ್ಯೆಯಲ್ಲಿ ಯಾವ ಚೆಲುವೂ ಕಾಣುವುದಿಲ್ಲ. ಆದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಅದೇ 111111. ಕೈಗೆ ಬಂದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇಂತಹ ಫಲ ಸಿಗುವುದಿಲ್ಲ. ಅದನ್ನು ಹುಡುಕಿ ತೆಗೆದವನ ಶ್ರಮ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ಹಾರದ ಮಣಿಗಳು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು, ಪ್ರತಿಯೊಂದೂ ಎರಡೆರಡು ಬಾರಿ. ಹಾಗಾಗಿ ಇದಕ್ಕೆ 243 ಭಾಜಕಗಳು. ಸಂಖ್ಯೆಯೊಂದನ್ನು ಬಿಟ್ಟು ಅದರ ಉಳಿದ ಭಾಜಕಗಳ ಮೊತ್ತ ಅದಕ್ಕೇ ಸಮನಾದರೆ ಅದು ಪರಿಪೂರ್ಣ ಸಂಖ್ಯೆ; 1, 2, 3 ಕೂಡಿ 6 ಆಗುವಂತೆ. ಮೊತ್ತ ಮೀರಿದರೆ ಸಮೃದ್ಧ ಸಂಖ್ಯೆ. ನಮ್ಮ ಹಾರದ ಮೊತ್ತ 13029870672. ಬೆಸ ಸಂಖ್ಯೆಯಾಗಿಯೂ ಸಮೃದ್ಧ. ಬೆಸ ಸಂಖ್ಯೆಗಳಲ್ಲಿ ಇದು ವಿರಳ. 945ಕ್ಕಿಂತ ಕೆಳಗೆ ಒಂದೂ ಇಲ್ಲ.

37ರ ಮಣಿಗಳೆರಡನ್ನೂ ಕಳಚಿದರೆ ಉಳಿಯುವುದು 9018009. ಇದರ ಉಳಿದ ಭಾಜಕಗಳ ಮೊತ್ತ 9017190, ಕೊರತೆ ಬರೀ 819. ಫ್ರಾನ್ಸಿನ ಗಣಿತಜ್ಞ ದೆಕಾರ್ತ್ 1638ರಲ್ಲಿ ಬೆಸ ಪರಿಪೂರ್ಣ ಸಂಖ್ಯೆಯ ಬೆನ್ನುಹತ್ತಿದಾಗ ತೋರಿಸಿದ 198585576189 ಎಂಬುದು ಇದೇ 9018009ಕ್ಕೆ 22021ನ್ನು ಪೋಣಿಸಿದ ಸಂಖ್ಯೆ. 22021 ಅವಿಭಾಜ್ಯವಾಗಿದ್ದರೆ ಅದು ಪರಿಪೂರ್ಣವಾಗುತ್ತಿತ್ತು. ಆದರೆ ಅದು 19 × 19 × 61. ಬೆಸ ಪರಿಪೂರ್ಣ ಸಂಖ್ಯೆ ಯಾರಿಗೂ ಇನ್ನೂ ಸಿಕ್ಕಿಲ್ಲ. ಅಂತಹದ್ದು ಇರಲಾರದು ಎಂದೂ ಯಾರೂ ಸಾಧಿಸಿಲ್ಲ.